ನನಗಿಂತ ಒಂದು ದಿನ ಮುಂಚೆ ಉಂಡವನು

ದೆವ್ವ, ಮಾಯೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಂಥವರನ್ನು ಮುಖದ ಮೇಲೆ ಹೊಡೆದಂತೆ ಬೈದು ಕಳಿಸಿದ್ದೇನೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದಿ ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಿಜಾಮರ ಆಳ್ವಿಕೆಯ ಕಾಲ, ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ದೆಹಲಿ, ಆಗ್ರಾ, ಲಖನೌ, ಕಾಶಿ ಎಂದು ಹಳೆಯ ಊರುಗಳನ್ನೆಲ್ಲ ಸುತ್ತಿ, ಅಲ್ಲಿಯ ಕೋಟೆಗಳ ಬಗ್ಗೆಯೂ ಊಟದ ಬಗ್ಗೆಯೂ ಪತ್ರಿಕೆಗಳಿಗೆ ಬರೆಯುತ್ತಿದ್ದೆ. ನನ್ನ ನಾಲಿಗೆಯ ರುಚಿಯ ಬಗ್ಗೆ ನನಗೆ ಇಲ್ಲದ ಜಂಬ. ಆ ಜಂಬದಲ್ಲೇ ಅದಕ್ಕೂ ಏಳು ವರ್ಷ ಹಿಂದೆ ಆನೆಗುಂದಿಯ ಅಕ್ಕನ ಮನೆಯಲ್ಲಿ, ಅವಳ ಅತ್ತೆ, ಮಾವ ಪಕ್ಕದಲ್ಲಿ ಉಣ್ಣುತ್ತಿರುವಾಗ, ಊಟದ ಗಂಗಾಳ ಸರಿಸಿ, “ಲಖನೌದಾಗ ಇಂಥಾದ್ದು ನಾಯಿಗೂ ಹಾಕೂದಿಲ್ಲ” ಎಂದಿದ್ದೆ. ಅಂದಿನಿಂದ ಅಕ್ಕ ತವರಿಗೆ ಕಾಲಿಟ್ಟಿರಲಿಲ್ಲ. ನಾನೂ ತಪ್ಪಾಯಿತು ಎಂದಿರಲಿಲ್ಲ.

ಆ ವರ್ಷ ಆಷಾಢ ಮುಗಿಯುವ ಹೊತ್ತಿಗೆ, ಹೈದರಾಬಾದಿನಲ್ಲಿದ್ದ ನನಗೆ ಗಿಣಿಗೇರಿಯ ನಮ್ಮ ಮನೆಯಿಂದ ಕಾಗದ ಬಂತು. ಅವ್ವ ಹಾಸಿಗೆ ಹಿಡಿದಿದ್ದಾಳೆ, ಇನ್ನು ಏಳುವ ಲಕ್ಷಣವಿಲ್ಲ, ಮಗಳ ಮುಖ ನೋಡಬೇಕೆನ್ನುತ್ತಾಳೆ, ನಾಗರ ಪಂಚಮಿಗೆ ಕರೆದುಕೊಂಡು ಬಾ. ನಮ್ಮ ಕಡೆ ಅಣ್ಣನೋ ತಮ್ಮನೋ ಹೋಗಿ ಕರೆಯದೆ ಹೆಣ್ಣುಮಕ್ಕಳು ಪಂಚಮಿಗೆ ಬರುವುದಿಲ್ಲ. ಹೋದವನು ಅವಳ ಕೈಯ ಊಟ ಉಣ್ಣಬೇಕು, ಉಣ್ಣದೆ ಕರೆದರೆ ಅದು ಕರೆದಂತೆಯೇ ಅಲ್ಲ. ಉಣ್ಣುವುದೇ ನನಗೆ ಕಷ್ಟದ ಮಾತಾಗಿತ್ತು, ತಪ್ಪು ಒಪ್ಪಿಕೊಳ್ಳುವುದಂತೂ ದೂರ.

ಕುಷ್ಟಗಿಯಲ್ಲಿ ಮೋಟಾರು ಇಳಿದು ಒಂದು ಖಾನಾವಳಿಗೆ ಹೋದೆ. ಕೂತಿದ್ದೇ ತಡ, ನಡೆಸುವ ಹೆಂಗಸು ಒಳಗಿನಿಂದ ಬಂದಳು.

“ಏಳ್ರಿ. ನಿನ್ನಿ ಗಂಗಾಳ ದೂಡಿ, ಲಖನೌದಾಗ ಇಂಥಾದ್ದು ನಾಯಿಗೂ ಹಾಕೂದಿಲ್ಲ ಅಂದು ಹ್ವಾದ್ರಿ. ಮತ್ತ ಯಾವ ಮಾರಿ ಹೊತ್ಕೊಂಡು ಬಂದ್ರಿ?”

ನಿನ್ನೆ ನಾನು ರಾಯಚೂರಿನಲ್ಲಿದ್ದೆ ಎಂದೆ. ಉಣ್ಣುತ್ತಿದ್ದವರು ನನ್ನ ಕರಿ ಟೊಪ್ಪಿಗೆಯನ್ನೂ ಮೀಸೆಯನ್ನೂ ನೋಡಿ, ಇವನೇ ಎಂದರು. ಒಬ್ಬ ಎದ್ದು ಬಾಗಿಲು ತೋರಿಸಿದ. ನನ್ನಂತೆ ಕಾಣುವವನು ಇನ್ನೊಬ್ಬ ಇರಬಹುದು. ಆದರೆ ಆ ಮಾತನ್ನು ನಾನು ಅಕ್ಕನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಆಡಿರಲಿಲ್ಲ.

ಮರುದಿನ ಗಂಗಾವತಿಯಲ್ಲೂ ಅದೇ ಹಾಡು. ಹೋಟೆಲಿನ ಮುದುಕ ಸಾಹೇಬರು ಹಣದ ಗಲ್ಲೆಯಿಂದ ಏಳದೆಯೇ ಹೇಳಿದರು: “ನಿನ್ನಿ ನಮ್ಮ ಅಡಿಗಿ ಬಾವರ್ಚಿ ಕಣ್ಣಾಗ ನೀರು ತರಿಸಿ ಹ್ವಾದ್ರಿ. ನಿಮಗ ಇಲ್ಲಿ ಚಹಾನೂ ಸಿಗೂದಿಲ್ಲ.”

ಆಗ ನನಗೆ ಲೆಕ್ಕ ಹೊಳೆಯಿತು. ಅವನು ಯಾರೇ ಇರಲಿ, ನಾನು ಹೋಗುವ ದಾರಿಯಲ್ಲೇ ಒಂದು ದಿನ ಮುಂದೆ ಹೋಗುತ್ತಿದ್ದ. ಅಕ್ಕನ ಮನೆಯಲ್ಲಿಯೂ ಹೀಗೆ ಮಾಡಿದರೆ ಅವ್ವ ಮಗಳನ್ನು ಕಾಣದೆಯೇ ಕಣ್ಣು ಮುಚ್ಚುತ್ತಾಳೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಹಸಿದ ಹೊಟ್ಟೆಯಲ್ಲಿ ಆನೆಗುಂದಿಗೆ ನಡೆದೆ.

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಮತ್ಯಾಕ ಬಂದಿ? ಶುಕ್ರವಾರ ಗಾಡಿ ತರತೀನಿ ಅಂದಿದ್ದಿ.”

ಯಾವಾಗ ಅಂದೆ ಎಂದು ಕೇಳಿದೆ. ಅವಳು ಹೇಳಿದಳು. ನಿನ್ನೆ ನಾನು ಬಂದಿದ್ದೆನಂತೆ, ನಾಲ್ಕು ರೊಟ್ಟಿ ಪುಂಡಿಪಲ್ಯೆ ಉಂಡೆನಂತೆ, ಎಲ್ಲರೆದುರು ತಪ್ಪಾಯಿತು ಎಂದೆನಂತೆ. ಅವಳ ಅತ್ತೆಯೇ ಮೊಸರು ಬಡಿಸಿದರಂತೆ.

ಹೌದು ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ನನ್ನ ಹಾಳು ಸಿಟ್ಟು ಬಿಡಬೇಕಲ್ಲ. ನನ್ನ ಹೆಸರಿನಲ್ಲಿ ಯಾವನೋ ಕೈ ಮುಗಿದನೆಂದು ಮೈಯೆಲ್ಲ ಉರಿಯಿತು. “ಅಂವ ನಾನಲ್ಲ. ನಾ ಯಾರ ಮುಂದನೂ ತಪ್ಪಾತು ಅಂದಿಲ್ಲ” ಎಂದೆ.

ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಹೊಸ್ತಿಲಿಗೆ ಬಂದು ನನ್ನನ್ನು ಬಹಳ ಹೊತ್ತು ನೋಡಿದಳು.

“ಖರೇ ಐತಿ. ನೀ ಅಲ್ಲ. ನಿನ್ನಿ ಬಂದಾವ ನನ್ನ ತಮ್ಮ. ನಾ ಅವನ ಕೂಡ ಹೋಗ್ತೀನಿ. ನೀ ನಡಿ” ಎಂದು ಕದ ಹಾಕಿಕೊಂಡಳು.

ಗಂಗಾವತಿಗೆ ಮರಳಿ, ಅವ್ವನಿಗೆ ಯಾವ ಮುಖ ತೋರಿಸಲಿ ಎಂದು ಧರ್ಮಶಾಲೆಯಲ್ಲಿ ಬಿದ್ದುಕೊಂಡೆ. ಶುಕ್ರವಾರ ಸಂಜೆ ಗಿಣಿಗೇರಿ ಮುಟ್ಟಿದಾಗ ನಮ್ಮ ಅಂಗಳದಲ್ಲಿ ಹಸಿ ಸಗಣಿ ಬಿದ್ದಿತ್ತು. ಎತ್ತು ಇರಲಿಲ್ಲ, ಗಾಡಿಯೂ ಇರಲಿಲ್ಲ. ಒಳಗೆ ಅಕ್ಕ ಹಾಸಿಗೆಯ ಪಕ್ಕದಲ್ಲಿ ಕೂತು ಅವ್ವನಿಗೆ ಗಂಜಿ ಕುಡಿಸುತ್ತಿದ್ದಳು. ಅವ್ವನ ಮುಖದಲ್ಲಿ ಅಂಥ ಗೆಲುವನ್ನು ನಾನು ಎಷ್ಟೋ ವರ್ಷ ಕಂಡಿರಲಿಲ್ಲ.

“ಅಕ್ಕನ್ನ ಕರಕೊಂಡು ಬಂದು ಛಲೋ ಮಾಡಿದಿ, ನನ್ನಪ್ಪಾ” ಎಂದಳು ಅವ್ವ. “ಎತ್ತಿಗೆ ನೀರು ಕುಡಿಸಿದೇನು?”

ಅಕ್ಕ ಗಂಜಿಯ ಬಟ್ಟಲು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಪ್ರೀತಿಯ ಸುಳಿವೂ ಇರಲಿಲ್ಲ.

“ಕುಡಿಸಿದೆ, ಅವ್ವಾ” ಎಂದೆ.

ಅಕ್ಕ ಒಂದು ಗಂಗಾಳ ತಂದು ನನ್ನ ಮುಂದೆ ಕುಕ್ಕಿದಳು. ರೊಟ್ಟಿ ತಣ್ಣಗಾಗಿತ್ತು. ಪೂರ್ತಿ ಉಂಡೆ. ಆನೆಗುಂದಿಯಲ್ಲಿ ಉಂಡವನು ಯಾರೆಂದು ಅವಳು ಕೇಳಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮನೆಯವರಿಗೆಲ್ಲ ನನಗಿಂತ ಅವನೇ ಬೇಕಾಗಿದ್ದ ಎಂಬುದಷ್ಟೇ ಗೊತ್ತು.