ಹೆಗಲ ಮೇಲಿನ ಕೈ

ಸನ್ನಿವೇಲ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ರೈಲು ಹತ್ತಿದೆವು: ನಾನು, ತಂಗಿ ಶೈಲಾ, ಅವಳ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ಸಾರಾ. ಸ್ಯಾನ್ ಫ್ರಾನ್ಸಿಸ್ಕೊ ಅಲ್ಲಿಂದ ಅರವತ್ತು ಕಿಲೋಮೀಟರು, ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಅರವತ್ತೈದು ದಾಟಿದ ನನಗೆ ಅರ್ಧ ಟಿಕೆಟ್ಟು.

"ಹುಬ್ಬಳ್ಳ್ಯಾಗ ವಯಸ್ಸು ಮುಚ್ಚಿಡ್ತಿದ್ದಿ, ಇಲ್ಲಿ ಒದರಿ ಹೇಳಾಕತ್ತಿ ನೋಡಕ್ಕ," ಎಂದು ಶೈಲಾ ಕಾಡಿಸಿದಳು.

ಸಾರಾ ಎನ್ನುವುದು ನಿಜವಾದ ಹೆಸರಲ್ಲ. ಅವರ ದೇಶದ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿ ಅವರ ಪಂಥದವರು ಬೆರಳೆಣಿಕೆಯಷ್ಟು. ಮನೆಯೊಳಗೆ ಹತ್ತು ಜನ ಕೂತು ಪ್ರಾರ್ಥಿಸಿದರೂ ಅಪರಾಧ. ಅಂಥದೊಂದು ಪ್ರಾರ್ಥನೆಗೆ ಹೋಗಿಬಂದ ಅವರ ತಮ್ಮನನ್ನು ಪೊಲೀಸರು ಎತ್ತಿಕೊಂಡು ಹೋಗಿ ನಾಲ್ಕು ತಿಂಗಳಾಗಿತ್ತು. ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಾರ ಮನೆಯಲ್ಲಿ ಸೇರಿದ್ದಿರಿ? ಅವನು ಬಾಯಿ ಬಿಟ್ಟಿರಲಿಲ್ಲ.

ಮುಂದಿನ ವಾರ ಆ ದೇಶದ ವಿದೇಶಾಂಗ ಮಂತ್ರಿ ವ್ಯಾಪಾರದ ಮಾತುಕತೆಗೆ ವಾಷಿಂಗ್ಟನ್‌ಗೆ ಬರುವವರಿದ್ದರು. ಬಂಧಿತರ ಪಟ್ಟಿಯನ್ನು ಅವರ ಮುಂದಿಡಲು ಇಲ್ಲಿನ ಸಂಸದರೊಬ್ಬರು ಒಪ್ಪಿದ್ದರು. ಅರ್ಜಿ, ಫೋಟೋ ಅಂದೇ ಸ್ಯಾನ್ ಫ್ರಾನ್ಸಿಸ್ಕೊದ ಸಂಸದರ ಕಚೇರಿಗೆ ಕೊಡಬೇಕಿತ್ತು.

ತಮ್ಮನ ಈಚಿನ ಫೋಟೋ ಇದ್ದದ್ದು ಅದೇ ಪ್ರಾರ್ಥನೆಯ ದಿನದ್ದು, ಸಾರಾ ಅವರ ಫೋನಿನಲ್ಲಿ. ಅದರಲ್ಲಿ ಹನ್ನೊಂದು ಜನ. ಉಳಿದ ಹತ್ತು ಮಂದಿ ಕಾಣಬಾರದು. ನಾನು ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವಳು. ಮುನಿಸಿಕೊಂಡ ಬೀಗರನ್ನು ಮದುವೆ ಫೋಟೋದಿಂದ ತೆಗೆಸಲು ಜನ ನನ್ನಲ್ಲಿಗೇ ಬರುತ್ತಿದ್ದರು. ಶೈಲಾ ಇದನ್ನೆಲ್ಲ ಸಾರಾ ಮುಂದೆ ಹೊಗಳಿಟ್ಟಿದ್ದಳು.

ರೈಲು ಮೆನ್ಲೋ ಪಾರ್ಕ್ ಸ್ಟೇಷನ್ ದಾಟುವಷ್ಟರಲ್ಲಿ ಆ ಫೋನಿನಲ್ಲೇ ಹತ್ತೂ ಮಂದಿಯನ್ನು ತೆಗೆದು, ಹಿಂದಿನ ಗೋಡೆಯನ್ನೂ ಬಿಳಿ ಮಾಡಿದ್ದೆ. ಹುಡುಗನ ಹೆಗಲ ಮೇಲೆ ಯಾರದೋ ಕೈ ಉಳಿದಿತ್ತು. ಅಳಿಸಿದರೆ ಹೆಗಲೇ ಮುರಿದಂತೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಆ ಕೈ ನನಗೆ ಹಿಡಿಸಿಬಿಟ್ಟಿತು. ಹುಡುಗ ಒಬ್ಬಂಟಿಯಲ್ಲ ಎನಿಸುತ್ತಿತ್ತು. ಬಿಟ್ಟೆ. ಸಾರಾಗೆ ತೋರಿಸಿದೆ. ಅವರು ಮುಖವೊಂದನ್ನೇ ನೋಡಿದರು. "ನಗ್ತಿದ್ದಾನೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು.

ಜುಲೈ ತಿಂಗಳಾದರೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾಳಿ ಕೊರೆಯುತ್ತಿತ್ತು. ಕಚೇರಿಯಲ್ಲಿ ನಮ್ಮ ಬುತ್ತಿಯ ಚೀಲವನ್ನೂ ತಪಾಸಣೆ ಮಾಡಿದರು. ಅರ್ಜಿ ತೆಗೆದುಕೊಂಡ ಅಧಿಕಾರಿ ಒಳ್ಳೆಯ ಹೆಣ್ಣುಮಗಳು.

"ಬಿಡುಗಡೆ ಆಗುತ್ತೆ ಅಂತ ಮಾತು ಕೊಡಲಾರೆ," ಎಂದಳು. "ಆದರೆ ನಾಲ್ಕು ಜನಕ್ಕೆ ಮುಖ ಗೊತ್ತಿರೋನನ್ನ ಇಲ್ಲವಾಗಿಸೋದು ಕಷ್ಟ. ಇವತ್ತೇ ನಮ್ಮ ಪೇಜಿಗೆ ಹಾಕ್ತೀವಿ. ಫೋಟೋ ಸರಿಯಾಗಿದೆಯಾ?"

ಸಾರಾ ಹೂಂ ಎಂದು ಸಹಿ ಹಾಕಿದರು. ಫೋಟೋ ಚೆನ್ನಾಗಿದೆ ಎಂದು ಅಧಿಕಾರಿ ಅಂದಾಗ ನಾನು ಬೀಗಿದೆ. ಆಮೇಲೆ ಕಡಲ ದಂಡೆಯಲ್ಲಿ ಚಪಾತಿ, ಶೇಂಗಾ ಚಟ್ನಿ ತಿಂದೆವು. ಸಾರಾ ಎರಡು ಚಪಾತಿ ತಿಂದರು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿತು ಎಂದರು.

ವಾಪಸಾಗುವ ರೈಲು ಹತ್ತಿದಾಗ ಐದೂಕಾಲು.

"ಅಕ್ಕ, ಪೋಸ್ಟು ಬಂದೈತಿ. ಎಷ್ಟ್ ಮಂದಿ ಶೇರ್ ಮಾಡ್ಯಾರ ನೋಡು," ಎಂದು ಶೈಲಾ ತನ್ನ ಟ್ಯಾಬ್ಲೆಟ್ಟನ್ನು ಸಾರಾ ಕೈಗಿಟ್ಟಳು.

ಸಾರಾ ತಮ್ಮನ ಮುಖವನ್ನು ದೊಡ್ಡದು ಮಾಡಿ ನೋಡಿದರು. ಬೆರಳು ಜಾರಿ ಹೆಗಲು ಕಂಡಿತು. ಕಣ್ಣು ಅಲ್ಲೇ ನಿಂತಿತು. ಆ ಕೈಯ ನಡುಬೆರಳು ಮೋಟಾಗಿತ್ತು. ನಾನೂ ನೋಡಿದ್ದೆ, ಬೆರಳು ಮಡಚಿರಬೇಕು ಅಂದುಕೊಂಡಿದ್ದೆ.

"ಬಡಗಿ," ಎಂದರು ಸಾರಾ. "ಗರಗಸದ ಮಷಿನ್ನಿಗೆ ಸಿಕ್ಕ ಬೆರಳು. ನಮ್ಮೂರಲ್ಲಿ ಈ ಕೈ ಗೊತ್ತಿಲ್ಲದವರಿಲ್ಲ. ಪ್ರಾರ್ಥನೆ ನಡೆದದ್ದು ಅವನ ಮನೆಯಲ್ಲೇ."

ಆ ಹುಡುಗ ನಾಲ್ಕು ತಿಂಗಳು ಕಚ್ಚಿಹಿಡಿದಿದ್ದ ಹೆಸರನ್ನು ನಾನು ಚೆಂದ ಕಾಣಲೆಂದು ಬಿಟ್ಟುಕೊಟ್ಟಿದ್ದೆ.

ಕಚೇರಿಗೆ ಫೋನ್ ಮಾಡಿದೆವು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತೇವೆ ಎಂದು ಯಂತ್ರ ಉತ್ತರಿಸಿತು. ಫೋಟೋ ತೆಗೆಯಿರಿ, ದಯವಿಟ್ಟು ತೆಗೆಯಿರಿ ಎಂದು ಸಾರಾ ಅದಕ್ಕೇ ಹೇಳಿದರು. ಬಡಗಿಗೆ ತಿಳಿಸಬಹುದಲ್ಲ ಎಂದೆ. ಇಲ್ಲಿಂದ ಕರೆ ಹೋದರೆ ಪೊಲೀಸರೇ ಮೊದಲು ಕೇಳಿಸಿಕೊಳ್ಳುತ್ತಾರೆ ಎಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಸನ್ನಿವೇಲ್‌ನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ನಿಮ್ಮ ದೇಶದಲ್ಲಿ ಈಗ ಎಷ್ಟು ಹೊತ್ತು ಎಂದು ಶೈಲಾ ಕೇಳಿದಳು.

"ಬೆಳಗಾಗಿದೆ," ಎಂದರು ಸಾರಾ. "ಬಡಗಿ ತನ್ನ ಅಂಗಡಿ ಬಾಗಿಲು ತೆಗೆಯೋ ಹೊತ್ತು."