ನನ್ನ ಎಡಗಾಲು ಕಂಡ ಬೆನ್ನುಗಳು

ಚಿಕ್ಕವಳಿದ್ದಾಗ ನನಗೆ ಊರಿನ ಅರ್ಧ ಜನರ ಮುಖಕ್ಕಿಂತ ಬೆನ್ನೇ ಚೆನ್ನಾಗಿ ಪರಿಚಯವಿತ್ತು. ಅಮೃತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಕಾಲು ಮುಂದಾಗಿ ಹುಟ್ಟಿದವಳು ಎಂದು ಹೆಸರಾಗಿದ್ದೆ. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಭಾನುವಾರ ಬೆಳಿಗ್ಗೆಯೆಂದರೆ ನಮ್ಮ ಪಡಸಾಲೆಯಲ್ಲಿ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಅಜ್ಜಿ ನನ್ನ ಕಾಲು ತೊಳೆದು, ಪಾದಕ್ಕೆ ಹರಳೆಣ್ಣೆ ಸವರಿ, ಕಂಕುಳಿಗೆ ಕೈ ಕೊಟ್ಟು ನಿಲ್ಲಿಸುತ್ತಿದ್ದಳು. ನಾನು ಎಡಗಾಲಿನಿಂದ ಮೆಲ್ಲಗೆ, ಸೊಂಟದಿಂದ ಮೇಲಕ್ಕೆ, ಮೂರು ಸಲ ನೀವಬೇಕು. ಒಮ್ಮೆ ಗುಬ್ಬಿಯಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದ ಮೇಷ್ಟ್ರೊಬ್ಬರು ಎದ್ದು ಕೂತು ನನಗೆ ಕೈ ಮುಗಿದರು. ನನಗಾಗ ಆರು ವರ್ಷ. ಏನು ಮಾಡಬೇಕೆಂದು ತೋಚದೆ ನಾನೂ ಮುಗಿದೆ.

ಕಾಯಿ ಹೊರುವವರ ಬೆನ್ನು ಗಂಟುಗಂಟಾಗಿರುತ್ತಿತ್ತು. ದಿನವಿಡೀ ಕೂತು ಹೊಲಿಯುವವನ ಬೆನ್ನು ಒಂದು ಪಕ್ಕಕ್ಕೆ ವಾಲಿರುತ್ತಿತ್ತು. ಕೆಲವು ಬೆನ್ನುಗಳು ನನ್ನ ಪಾದ ತಾಗಿದ ಕೂಡಲೇ ನಿಟ್ಟುಸಿರು ಬಿಡುತ್ತಿದ್ದವು. ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಆ ಬೆನ್ನುಗಳ ಮೇಲೆ ನಡೆಯುತ್ತಿರುತ್ತೇನೆ, ಒಂದಾದ ಮೇಲೊಂದು, ಯಾರದೆಂದು ನೋಡದೆ.

ಆ ಕಾಲಿನ ಜಂಬದಲ್ಲೇ ನಾನು ತುಮಕೂರಿಗೆ ಬಂದು ಫಿಸಿಯೋಥೆರಪಿ ಓದಲು ಸೇರಿದ್ದು. ಉಪ್ಪಾರಹಳ್ಳಿಯ ರೂಮಿನಲ್ಲಿ ಕೂತು ಸ್ನಾಯುಗಳ, ಕೀಲುಗಳ ಹೆಸರನ್ನು ಉರು ಹೊಡೆಯುತ್ತಿದ್ದೆ. ಶನಿವಾರ ಊರಿಗೆ ಹೊರಟರೆ ಬಸ್ಸಿನ ತೂಗಾಟಕ್ಕೆ ಕಣ್ಣು ಎಳೆಯುತ್ತಿತ್ತು. ಹೆಸರುಗಳು ಪುಸ್ತಕ ಬಿಟ್ಟೆದ್ದು ಬಸ್ಸಿನ ಜನರ ಮೇಲೆ ಹೋಗಿ ಕೂರುತ್ತಿದ್ದವು. ಕಂಬಿ ಹಿಡಿದು ನಿಂತವನ ಹೆಗಲಿಗೆ ಡೆಲ್ಟಾಯ್ಡ್, ಕಿಟಕಿಯತ್ತ ಕತ್ತು ತಿರುಗಿಸಿದವಳಿಗೆ ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಕುಣಿಗಲ್ ಕೆರೆಯ ಬೆಳಕು ಮುಖಕ್ಕೆ ಬಿದ್ದಾಗ ಎಲ್ಲ ಕಲಸಿಹೋಗಿ, ನೀರಿಗೂ ಒಂದು ಸ್ನಾಯುವಿದೆ, ಅದರ ಹೆಸರು ಮಾತ್ರ ಮರೆತುಹೋಗಿದೆ ಅನ್ನಿಸುತ್ತಿತ್ತು.

ಮನೆಯಲ್ಲಿ ಅಜ್ಜಿಗೆ ಪಾಠ ಒಪ್ಪಿಸುತ್ತಿದ್ದೆ. ಗ್ಯಾಸ್ಟ್ರೋನೀಮಿಯಸ್ ಎಂದು ನಾನು ಮೊಣಕಾಲಿನ ಕೆಳಗೆ ಹಿಂದುಗಡೆ ತೋರಿಸಿದರೆ, ಮೀನಖಂಡ ಅಂತ ಚೆಂದದ ಹೆಸರಿರುವಾಗ ಇದ್ಯಾವ ಕಾಯಿಲೆಯ ಹೆಸರು ಎಂದು ಅವಳು ಗದರುತ್ತಿದ್ದಳು.

ಒಂದು ದಿನ ಕ್ಲಾಸಿನಲ್ಲಿ ನನ್ನ ಕಾಲಿನ ಮಹಿಮೆ ಹೇಳಿಕೊಂಡೆ. ಬಿದ್ದು ಬಿದ್ದು ನಕ್ಕರು. ಒಬ್ಬಳಂತೂ ಪ್ರಾಕ್ಟಿಕಲ್ ಮೇಜಿನ ಮೇಲೆ ಬೋರಲು ಮಲಗಿ, "ಚಪ್ಪಲಿ ಬಿಚ್ಚಿ ಡಾಕ್ಟ್ರೇ" ಎಂದಳು. ಕಿವಿ ಕಾದುಹೋಯಿತು. ಇನ್ನು ಯಾರ ಬೆನ್ನಿನ ಮೇಲೂ ಈ ಕಾಲು ಇಡುವುದಿಲ್ಲ ಎಂದು ಅಂದೇ ತೀರ್ಮಾನಿಸಿ, ಊರಿಗೆ ಹೋಗಿ ಹೇಳಿಯೂ ಬಿಟ್ಟೆ. ಆಮೇಲೆ ಬಂದವರನ್ನೆಲ್ಲ ಅಜ್ಜಿಯೇ ಕಾಫಿ ಕೊಟ್ಟು ಕಳಿಸಿದಳು.

ನಾನು ತುಮಕೂರಿನಲ್ಲೇ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ, ಹೋದ ವರ್ಷ, ಅಜ್ಜಿಯ ಬೆನ್ನೇ ಹಿಡಿದುಕೊಂಡಿತು. ರಾಗಿ ಡಬ್ಬ ಎತ್ತಲು ಬಗ್ಗಿದವಳು ಆಮೇಲೆ ನೆಟ್ಟಗೆ ನಿಲ್ಲಲಿಲ್ಲ. ನಾನು ಹೋಗುವಷ್ಟರಲ್ಲಿ ಚಾಪೆ ಹಿಡಿದು ಮೂರು ದಿನವಾಗಿತ್ತು. ಪರೀಕ್ಷೆ ಮಾಡಿದೆ. ಕಾಲು ಜೋಮು ಹಿಡಿದಿರಲಿಲ್ಲ, ಬಲವೂ ಸರಿಯಿತ್ತು, ಬರೀ ಸೆಳೆತ. ಎದ್ದು ಓಡಾಡಿದರೆ ಬಿಡುವಂಥದ್ದು. ಮಲಗೇ ಇದ್ದರೆ ಈ ವಯಸ್ಸಿನಲ್ಲಿ ಮತ್ತೆ ಏಳುತ್ತಾಳೋ ಇಲ್ಲವೋ ಎಂದು ನನಗೆ ನಿಜಕ್ಕೂ ಭಯವಾಯಿತು. ಶಾಖ ಕೊಟ್ಟೆ. ಮಗ್ಗುಲಾಗಿ ಏಳುವುದು ಹೇಗೆಂದು ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಜಪ್ಪಯ್ಯ ಎಂದರೂ ಅಜ್ಜಿ ಏಳಲೊಲ್ಲಳು. ಕಾಲಿಟ್ಟರೆ ಏಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂಬುದೊಂದೇ ಹಟ.

ನನ್ನ ಸಿಟ್ಟು ಗೊತ್ತಿರುವವರಿಗೆ ಮುಂದಿನದು ಹೇಳಬೇಕಿಲ್ಲ. ಇರೆಕ್ಟರ್ ಸ್ಪೈನಿ, ಕ್ವಾಡ್ರೇಟಸ್ ಲಂಬೋರಮ್ ಎಂದು ಬೆನ್ನಿನ ಹೆಸರುಗಳನ್ನೆಲ್ಲ ಪಾಪದ ಮುದುಕಿಯ ಮೇಲೆ ಸುರಿದೆ. ಇವುಗಳಿಗೂ ನಾನು ಕಾಲು ಮುಂದಾಗಿ ಹುಟ್ಟಿದ್ದಕ್ಕೂ ಏನು ಸಂಬಂಧ ಎಂದು ಕೂಗಾಡಿದೆ.

ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ನೀನು ತಲೆ ಮುಂದಾಗೇ ಹುಟ್ಟಿದ್ದು ಕಣೇ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ನಿಧಾನವಾಗಿ ಹೇಳುತ್ತಾ ಹೋದಳು. ನಾನು ಹುಟ್ಟಿದಾಗ ಕೋಣೆಯಲ್ಲಿ ಇದ್ದವರು ಅವಳು, ಸೂಲಗಿತ್ತಿ ಇಬ್ಬರೇ, ಅಮ್ಮನಿಗೆ ಎಚ್ಚರವಿರಲಿಲ್ಲ. ಮನೆಯಲ್ಲಿ ಆಗಲೇ ಎರಡು ಹೆಣ್ಣುಮಕ್ಕಳು. ಇದೂ ಹೆಣ್ಣೇನಾ ಎಂದು ಹೊರಗಿನಿಂದ ಯಾರೋ ರಾಗ ಎಳೆದರಂತೆ. ಅಜ್ಜಿ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದು, ಕಾಲು ಮುಂದಾಗಿ ಬಂದಿದೆ, ಇಂಥ ಮಗು ಹತ್ತೂರಿಗೆ ಒಂದು ಎಂದುಬಿಟ್ಟಳಂತೆ. ಸೂಲಗಿತ್ತಿ ಹೌದೆಂದು ತಲೆಯಾಡಿಸಿದಳಂತೆ.

"ಯಾರೂ ನಿನ್ನ ಒಂದು ಮಾತು ಅನ್ಬಾರ್ದು ಅಂತ ಹಂಗಂದೆ. ಅಂದ್ರಾ? ಮನೆ ಬಾಗ್ಲಿಗೆ ಬಂದು ಕಾಲು ಮುಟ್ಟುಸ್ಕಂಡು ಹೋದ್ರು."

ನನಗೆ ಅಳು ಬಂತು. ಸುಳ್ಳೆಂದು ಗೊತ್ತಿದ್ದೂ ಈಗ ಯಾಕೆ ಕಾಲಿಡು ಅಂತೀಯ ಎಂದು ಕೇಳಿದೆ.

"ಊರೋರ್ಗೆಲ್ಲ ಇಟ್ಟೆ. ನಂಗೆ ಒಂದಿನಾನೂ ಇಡ್ಲಿಲ್ವಲ್ಲ ಮಗಾ."

ಹೌದಲ್ಲ. ಅಷ್ಟು ಭಾನುವಾರಗಳಲ್ಲಿ ಅವಳು ಯಾವಾಗಲೂ ನನ್ನ ಹಿಂದೆಯೇ ನಿಂತಿದ್ದಳು. ಆ ಒಂದು ಬೆನ್ನನ್ನು ನಾನು ನೋಡಿರಲೇ ಇಲ್ಲ.

ಬಚ್ಚಲಿಗೆ ಹೋಗಿ ಕಾಲು ತೊಳೆದೆ, ಹರಳೆಣ್ಣೆ ಸವರಿಕೊಂಡೆ. ಅಜ್ಜಿ ಬೋರಲಾದಳು. ನನ್ನನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲದ್ದರಿಂದ ಗೋಡೆಗೆ ಕೈ ಊರಿ ನಿಂತೆ. ಭಾರ ಬಿಡದೆ, ಎಡಗಾಲಿನಿಂದ ಮೂರು ಸಲ ನೀವಿದೆ. ಅಜ್ಜಿಯ ಬೆನ್ನು ತೆಳ್ಳಗೆ, ಬೆಚ್ಚಗಿತ್ತು. ಯಾವ ಸ್ನಾಯುವಿನ ಹೆಸರೂ ನೆನಪಿಗೆ ಬರಲಿಲ್ಲ.

ಮೂರನೆಯದಾದ ಮೇಲೆ ಅವಳು ಮಗ್ಗುಲಾಗಿ, ಮೊಣಕಾಲು ಮಡಿಸಿ, ಅಂಗೈ ನೆಲಕ್ಕೂರಿ ಎದ್ದು ಕೂತಳು. ಗೋಡೆಯ ಮೇಲಿನ ನನ್ನ ಚಿತ್ರದಲ್ಲಿದ್ದ ಹಾಗೆಯೇ, ಒಂದಿಷ್ಟೂ ತಪ್ಪಿಲ್ಲದೆ. ಕೂತವಳು ನನಗೆ ಕೈ ಮುಗಿಯಲು ಹೊರಟಳು. ನಾನು ಬಿಡಲಿಲ್ಲ. ಹಿಂದೆ ಹೋಗಿ, ಅವಳ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದೆ.