ತಮ್ಮನ ಕಾಲಿಗೆ ಹಾಕಿದ ಕೊಸರು

ಹಿರೇನಲ್ಲೂರಿನ ಹುಲಿಯಮ್ಮ ಹದಿನೆಂಟು ವರ್ಷ ಕಡೂರಿನಲ್ಲಿ ಚಿಲ್ಲರೆ ರಾಗಿ ಅಳೆದು ಮಾರಿದವಳು. ಸೇರು ತುಂಬಿ, ತಲೆ ಸವರಿ ಸುರಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳುಹಿಸಿದವಳಲ್ಲ. ಅಳತೆ ಅಂಗಡಿಯದು, ಕೊಸರು ತನ್ನದು ಎಂದು ಅವಳ ಎಣಿಕೆ.

ಈಗ ಎರಡು ವರ್ಷದಿಂದ ತರೀಕೆರೆಯಲ್ಲಿ ಓಂಕಾರೇಶರ ವರ್ಕ್‌ಶಾಪಿನಲ್ಲಿದ್ದಾಳೆ. ಅಲ್ಲಿ ಕೃತಕ ಕಾಲು ಮಾಡುತ್ತಾರೆ. ಮೊಂಡುಗಾಲು ಕೂರುವ ಬಟ್ಟಲನ್ನು ಗಾಜಿನ ನಾರಿನ ಬಟ್ಟೆಗೆ ಎಪಾಕ್ಸಿ ಬಳಿದು ಕಟ್ಟುತ್ತಾರೆ. ಎಪಾಕ್ಸಿ ಜೇನಿನಂಥ ಅಂಟು. ಒಣಗಿದರೆ ಕಲ್ಲು, ಆದರೂ ಒಮ್ಮೆ ಬಿರುಕು ಬಿಟ್ಟರೆ ಸರ್ರನೆ ಸೀಳಿಹೋಗುತ್ತದೆ. ಆ ಬಿರುಕು ಓಡದಂತೆ ತಡೆಯಲು ಗ್ರಾಫೀನ್ ಎಂಬ ಪುಡಿ ಬೆರೆಸಬೇಕು. ಕಾಡಿಗೆಗಿಂತ ಕಪ್ಪು, ಕಾಡಿಗೆಗಿಂತ ನಯ. ನೂರು ಗ್ರಾಂ ಅಂಟಿಗೆ ಅರ್ಧ ಗ್ರಾಂ, ಅಷ್ಟೇ. ಯಂತ್ರದಲ್ಲಿ ಗಂಟೆಗಟ್ಟಲೆ ತಿರುಗಿಸಿ, ಕಣಕ್ಕೆ ಕಣ ಅಂಟದ ಹಾಗೆ ಹರಡಬೇಕು. ಆ ಕೆಲಸ ಹುಲಿಯಮ್ಮನದು.

ಅವಳ ತಮ್ಮ ಪ್ರಕಾಶ್ ಬೀರೂರಿನಲ್ಲಿ ರೈಲು ಹತ್ತಿ ಇಳಿದು ಕಡಲೆಕಾಯಿ ಮಾರುತ್ತಿದ್ದವನು. ಟ್ರ್ಯಾಕ್ಟರ್ ಮಗುಚಿ ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವನ ಬಟ್ಟಲಿಗೆ ಅಂಟು ಬೆರೆಸಿದ ದಿನ, ಯಂತ್ರ ನಿಂತ ಮೇಲೆ, ಅವಳ ಕೈ ತಾನಾಗಿಯೇ ಪುಡಿಯ ಡಬ್ಬಿಗೆ ಹೋಯಿತು. ಒಂದು ಚಿಟಿಕೆ. ಮತ್ತೊಂದು. ಕಡ್ಡಿಯಲ್ಲಿ ಕಲಕಿದಳು. ನನ್ನ ತಮ್ಮನ ಕಾಲು ಎಲ್ಲರದಕ್ಕಿಂತ ಗಟ್ಟಿಯಾಗಿರಲಿ.

ಉಳಿದ ಅಂಟಿನಲ್ಲಿ ಒಂದು ಪಟ್ಟಿ ಹೊಯ್ದು, ಅದನ್ನು ಬಗ್ಗಿಸಿ ಪರೀಕ್ಷಿಸಿದ ಮೇಲೆಯೇ ಕಾಲು ಕೊಡುವುದು ಅಲ್ಲಿನ ನಿಯಮ. ಕಾಲು ಸಿದ್ಧವಾದ ದಿನ ಬೆಳಿಗ್ಗೆಯೇ ಬಂದು ಕೂತ ಪ್ರಕಾಶನಿಗೆ ಅಷ್ಟು ಕಾಯಲಾಗಲಿಲ್ಲ.

"ನೀನೇ ಮಾಡಿದ್ದಕ್ಕೆ ಇನ್ನೇನಕ್ಕಾ ಪರೀಕ್ಷೆ? ಇವತ್ತು ಬೀರೂರಿಂದ ಮಧ್ಯಾಹ್ನದ ಗಾಡೀಲಿ ಅಜ್ಜಂಪುರದ ಗಂಟ ಹೋಗ್ಬತ್ತೀನಿ."

ಓಂಕಾರೇಶರು ಬರುವ ಮೊದಲೇ ಅವಳು ಕಾಲು ಕೊಟ್ಟು ಕಳುಹಿಸಿದಳು.

ಹತ್ತು ಗಂಟೆಗೆ ಆ ಪಟ್ಟಿ ಪರೀಕ್ಷೆಯ ಯಂತ್ರದ ಬಾಯಲ್ಲಿ ಟಪ್ಪೆಂದು ಮುರಿಯಿತು. ಎಂದಿನ ಭಾರದ ಅರ್ಧಕ್ಕೇ. ಓಂಕಾರೇಶರು ತುಂಡನ್ನು ಬೆಳಕಿಗೆ ಹಿಡಿದರು. ಮುರಿದ ಕಡೆ ಸಾಸಿವೆಯಂಥ ಕರಿ ಚುಕ್ಕೆಗಳು.

"ಗಂಟು ಕಟ್ಟಿದೆ ಕಣಮ್ಮ. ಈ ಗಂಟಿಂದ್ಲೇ ಬಿರುಕು ಏಳೋದು. ಪುಡಿ ಜಾಸ್ತಿ ಬಿದ್ದೈತೆ, ಸರಿಯಾಗಿ ಹರಡೂ ಇಲ್ಲ. ಆ ಕಾಲೆಲ್ಲಿ?"

ಹುಲಿಯಮ್ಮ ಚಪ್ಪಲಿ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದಳು.

ಪ್ರಕಾಶ್ ಫೋನ್ ಎತ್ತಲಿಲ್ಲ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವಳ ಕಣ್ಣ ಮುಂದೆ ಒಂದೇ ಚಿತ್ರ: ಪೂರ್ತಿ ನಿಲ್ಲದ ಗಾಡಿ, ಮೆಟ್ಟಿಲ ಮೇಲೆ ಎಡಗಾಲು, ಟಪ್ಪೆಂಬ ಸದ್ದು, ಪ್ಲಾಟ್‌ಫಾರ್ಮಿಗೂ ಗಾಲಿಗೂ ನಡುವಿನ ಆ ಕಪ್ಪು ಸಂದು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು "ಯಾರಿಗೇನಾಯ್ತವ್ವಾ?" ಎಂದಳು. "ಇನ್ನೂ ಏನೂ ಆಗಿಲ್ಲ" ಎಂದಳು ಹುಲಿಯಮ್ಮ.

ಬೀರೂರಿನ ಪ್ಲಾಟ್‌ಫಾರ್ಮಿಗೆ ಅವಳು ಕಾಲಿಡುವಾಗ ಗಾಡಿ ಒಳಗೆ ಬರುತ್ತಿತ್ತು. ದೂರದಲ್ಲಿ ಪ್ರಕಾಶ್, ತೋಳಿನಲ್ಲಿ ಬುಟ್ಟಿ. ಹಳೆಯ ಅಭ್ಯಾಸದಂತೆ ಬೋಗಿಯ ಜೊತೆಗೇ ಹೆಜ್ಜೆ ಹಾಕುತ್ತಾ ಕೈ ಚಾಚಿದ್ದ.

"ಹತ್ಬೇಡ ಕಣೋ! ಪ್ರಕಾಶಾ!"

ಆ ಕೂಗಿಗೆ ಇಡೀ ಪ್ಲಾಟ್‌ಫಾರ್ಮ್ ತಿರುಗಿತು. ಅವನೂ ತಿರುಗಿ ನಿಂತ.

"ಏನಕ್ಕಾ, ಕಾಲು ಕೊಟ್ಟೋಳೇ ಕಿತ್ಕೊಳ್ಳೋಕ್ ಬಂದ್ಯಾ?" ಎಂದು ನಕ್ಕ.

"ಹೂಂ. ಕೂತ್ಕೋ. ಬಿಚ್ಚು."

ಅವಳ ಮುಖ ನೋಡಿ ಅವನ ನಗು ಅಲ್ಲೇ ನಿಂತಿತು. ಬೆಂಚಿನ ಮೇಲೆ ಕೂತು ಕಾಲು ಬಿಚ್ಚಿಕೊಟ್ಟ. ಬಟ್ಟಲಿನ ಅಂಚಿನಿಂದ ಕೆಳಕ್ಕೆ, ಉಗುರುದ್ದದ ಒಂದು ಕೂದಲೆಳೆ ಬಿರುಕು. ಅರ್ಧ ದಿನದ ನಡಿಗೆಗೇ.

ಅಜ್ಜಂಪುರದ ಕಡೆಗೆ ಗಾಡಿ ಹೊರಟುಹೋಯಿತು. ಅಕ್ಕ ಎಲ್ಲವನ್ನೂ ಹೇಳಿದಳು. ಪ್ರಕಾಶ್ ಬಿರುಕಿನ ಮೇಲೆ ಹೆಬ್ಬೆರಳು ಓಡಿಸಿದ.

"ನಂಗೊಬ್ಬನಿಗೇನಾ ಹಾಕಿದ್ದು? ಬೇರೆಯೋರ ಕಾಲಿಗೂ ಬಿದ್ದಿಲ್ಲ ತಾನೆ?"

"ಆಣೆಗೂ ನಿಂಗೊಬ್ಬನಿಗೇ ಕಣಪ್ಪಾ."

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು, ಓಂಕಾರೇಶರದು. ಅವಳ ಎರಡೂ ಕೈಯಲ್ಲಿ ಆ ಕಾಲಿತ್ತು. ಪ್ರಕಾಶನೇ ಒತ್ತಿ ಅವಳ ಕಿವಿಗೆ ಹಿಡಿದ.

"ಕಾಲು ಸಿಕ್ತು ಸಾರ್," ಎಂದಳು. "ಕೆಡಿಸಿದ್ದು ನಾನೇ."